ಕಾಣದ ಹಕ್ಕಿಗೆ ಹಾಜರಿ

ನಮ್ಮ ಸೋದರಮಾವ ವೇಲ್ಸ್‌ನಲ್ಲಿ ಆಸ್ಪತ್ರೆ ನರ್ಸ್. ವೇಲ್ಸ್ ಇರುವುದು ಇಂಗ್ಲೆಂಡಿನ ಪಶ್ಚಿಮಕ್ಕೆ, ಬೇಕಾದರೆ ಸಮಾಜ ಮೇಷ್ಟ್ರ ಭೂಪಟದಲ್ಲಿ ನೋಡಿ. ದೀಪಾವಳಿಗೆ ಊರಿಗೆ ಬಂದಿದ್ದ ಮಾವ, ಜೂನ್ ತಿಂಗಳ ರಜೆಯಲ್ಲಿ ಒಂದು ವಾರ ಸ್ಕೋಮರ್ ಎಂಬ ದ್ವೀಪಕ್ಕೆ ಸ್ವಯಂಸೇವಕನಾಗಿ ಹೋಗಿದ್ದೆ, ಹಕ್ಕಿ ಎಣಿಸಿ ಬಂದೆ ಅಂದರು. "ಸಂಬಳ ಎಷ್ಟು ಕೊಟ್ರಪ್ಪ?" ಅಂತ ಅಜ್ಜಿ ಕೇಳಿತು. ಸಂಬಳ ಇಲ್ಲ, ಅಡಿಗೆ ಸಾಮಾನೂ ನಾವೇ ಒಯ್ಯಬೇಕು ಎಂದಾಗ ಅಜ್ಜಿ ಎದ್ದು ಒಳಗೆ ಹೋಯಿತು. ನಾನು ಅಲ್ಲೇ ಕೂತು ಕೇಳಿದ್ದನ್ನು ಬರೆದಿದ್ದೇನೆ.

ಸ್ಕೋಮರ್‌ನಲ್ಲಿ ಹಗಲು ನೋಡಿದರೆ ಪಫಿನ್ ಎಂಬ ಬಣ್ಣದ ಕೊಕ್ಕಿನ ಹಕ್ಕಿಗಳು ಕಾಣುತ್ತವೆ. ಜನ ದೋಣಿಯಲ್ಲಿ ಬರುವುದು ಹೆಚ್ಚಾಗಿ ಅವನ್ನು ನೋಡೋಕೆ. ಆದರೆ ಆ ದ್ವೀಪದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಹಕ್ಕಿ ಹಗಲಲ್ಲಿ ಹೊರಗೆ ಕಾಣುವುದೇ ಇಲ್ಲ! ಅದರ ಹೆಸರು ಮ್ಯಾಂಕ್ಸ್ ಶಿಯರ್‌ವಾಟರ್. ಗಾತ್ರ ಹೆಚ್ಚುಕಡಿಮೆ ಪಾರಿವಾಳದಷ್ಟು, ಬೆನ್ನು ಕಪ್ಪು, ಹೊಟ್ಟೆ ಬಿಳಿ. ನೆಲದೊಳಗೆ ಬಿಲ ಮಾಡಿ, ವರ್ಷಕ್ಕೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಸರದಿ ಮೇಲೆ ಸುಮಾರು 50 ದಿನ ಕಾವು ಕೊಡುತ್ತವೆ. ಒಂದು ಬಿಲದಲ್ಲಿ ಕೂತಿದ್ದರೆ ಇನ್ನೊಂದು ಸಮುದ್ರದಲ್ಲಿ ಮೀನು ಹಿಡಿಯುತ್ತಿರುತ್ತದೆ.

ಹಗಲು ಯಾಕೆ ಹೊರಗೆ ಬರಲ್ಲ? ಅದರ ಕಾಲು ದೇಹದ ತೀರ ಹಿಂದಕ್ಕೆ ಇವೆ. ನೀರಲ್ಲಿ ಈಜಲು ಅದು ಒಳ್ಳೆಯದೇ, ನೆಲದ ಮೇಲೆ ಮಾತ್ರ ನೆಟ್ಟಗೆ ನಡೆಯಲಾಗದು. ಎದೆ ಊರಿಕೊಂಡು ತೆವಳುತ್ತದೆ. ದೊಡ್ಡ ಕಡಲಕಾಗೆಗಳು ಕಂಡರೆ ಕೊಂದು ತಿನ್ನುತ್ತವೆ. ಅದಕ್ಕೇ ಕತ್ತಲಾದ ಮೇಲೆ ಬಿಲಕ್ಕೆ ಬರುವುದು. ಬೆಳದಿಂಗಳಿದ್ದರೆ ಬರುವುದೂ ಕಡಿಮೆ. ಒಂದು ರಾತ್ರಿ ಒಂದು ಹಕ್ಕಿ ಧೊಪ್ಪೆಂದು ಮಾವನ ಬೂಟಿನ ಪಕ್ಕಕ್ಕೇ ಬಿತ್ತಂತೆ.

"ಮಾವ, ಹಗಲು ನೆಲದೊಳಗೆ, ರಾತ್ರಿ ಕತ್ತಲಲ್ಲಿ. ಮತ್ತೆ ಎಣಿಸಿದ್ದು ಹೇಗೆ?" ಅಂತ ಕೇಳಿದೆ.

"ನಿಮ್ಮ ಮೇಷ್ಟ್ರು ಎಣಿಸಲ್ವೇನೆ ಪುಟ್ಟಿ, ಹಾಗೇ. ಹಾಜರಿ ಕೂಗೋದು" ಅಂದರು.

ಬರೀ ಬಿಲ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಕೆಲವು ಮೊಲದ ಬಿಲ, ಕೆಲವು ಪಫಿನ್‌ದು, ಕೆಲವು ಖಾಲಿ. ಆದ್ದರಿಂದ ಹಕ್ಕಿಯ ಕೂಗನ್ನು ಮೊದಲೇ ರೆಕಾರ್ಡ್ ಮಾಡಿ, ಹಗಲಿನಲ್ಲಿ ಬಿಲದ ಬಾಯಿಗೆ ಹಿಡಿದು ಕೇಳಿಸುತ್ತಾರೆ. ಯಾರೋ ಮನೆಗೆ ನುಗ್ಗಿದರು ಎಂದುಕೊಂಡು ಒಳಗಿನ ಹಕ್ಕಿ ಕೂಗುತ್ತದೆ. ಒಂದು ಗೀಟು ಹಾಕಿ ಮುಂದಿನ ಬಿಲಕ್ಕೆ ಹೋಗುವುದು. ಮಾವ ಮೊಣಕಾಲೂರಿ, ನೆಲಕ್ಕೆ ಕಿವಿ ಇಟ್ಟು, ದಿನವಿಡೀ ಇದನ್ನೇ ಮಾಡಿದರಂತೆ.

ಆದರೆ ಸ್ನೇಹಿತರೇ, ಕರೆದಾಗಲೆಲ್ಲ ನಾವೆಲ್ಲರೂ "ಹಾಜರ್ ಸಾರ್" ಅನ್ನುತ್ತೇವಾ? ಗಂಡಿನ ಕೂಗಿಗೆ ಗಂಡು, ಹೆಣ್ಣಿನ ಕೂಗಿಗೆ ಹೆಣ್ಣು ಉತ್ತರ ಕೊಡುವುದು. ಕೆಲವು ಇದ್ದೂ ಸುಮ್ಮನಿರುತ್ತವೆ. ಅದಕ್ಕೆ ಹಕ್ಕಿ ಇರುವುದು ಖಾತ್ರಿಯಾದ ಬಿಲಗಳನ್ನು ಬೇರೆ ಗುರುತು ಮಾಡಿ, ಅಲ್ಲಿ ದಿನಾ ಕೂಗು ಹಾಕಿ ನೋಡುತ್ತಾರೆ. ಅಂಥ 10 ಬಿಲದಲ್ಲಿ 4 ಉತ್ತರ ಬಂತು ಅನ್ನಿ. ಹಾಗಾದರೆ ಬೇರೆ ಕಡೆ 40 ಉತ್ತರ ಸಿಕ್ಕರೆ ನಿಜವಾಗಿ ಅಲ್ಲಿ 100 ಬಿಲದಲ್ಲಿ ಹಕ್ಕಿ ಇದೆ. (ಅಂಕಿ ನಾನು ಉದಾಹರಣೆಗೆ ಹಾಕಿದ್ದು.) ದ್ವೀಪದ ಬೇರೆ ಬೇರೆ ಜಾಗದ ತುಂಡುಗಳಲ್ಲಿ ಹೀಗೆ ಮಾಡಿ, ಇಡೀ ದ್ವೀಪಕ್ಕೆ ಲೆಕ್ಕ ಹಾಕುವುದು. ನಮ್ಮ ತ್ರೈರಾಶಿಯೇ! 2018ರ ಎಣಿಕೆಯಲ್ಲಿ ಸ್ಕೋಮರ್‌ನಲ್ಲಿ ಸುಮಾರು 3.5 ಲಕ್ಷ ಜೋಡಿ ಇದ್ದವು. ಈ ಹಕ್ಕಿಯ ಇಷ್ಟು ದೊಡ್ಡ ನೆಲೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಎಣಿಸಿ ಏನು ಲಾಭ ಅಂತ ನಾನೂ ಕೇಳಿದೆ. ಮಾವ ಲಂಡಿ ಎಂಬ ಇನ್ನೊಂದು ದ್ವೀಪದ ಕಥೆ ಹೇಳಿದರು. ಅಲ್ಲಿ ಹಡಗಿನಲ್ಲಿ ಬಂದ ಹೆಗ್ಗಣಗಳು ಬಿಲಕ್ಕೆ ನುಗ್ಗಿ ಮೊಟ್ಟೆ ಮರಿ ತಿನ್ನುತ್ತಿದ್ದವು. 2001ರಲ್ಲಿ ಎಣಿಸಿದಾಗ ಉಳಿದದ್ದು 300 ಜೋಡಿಯಷ್ಟೇ. 2002ರಿಂದ 2004ರ ತನಕ ಹೆಗ್ಗಣಗಳನ್ನು ಪೂರ್ತಿ ತೆಗೆದರು. 2017-18ರಲ್ಲಿ ಮತ್ತೆ ಎಣಿಸಿದರೆ 5,500 ಜೋಡಿ! ಹೊರಗೆ ಕಾಣದ ಹಕ್ಕಿ, ಎಣಿಸದೇ ಇದ್ದಿದ್ದರೆ ಕಡಿಮೆಯಾದದ್ದೂ ಗೊತ್ತಾಗುತ್ತಿರಲಿಲ್ಲ, ಹೆಚ್ಚಿದ್ದೂ ಗೊತ್ತಾಗುತ್ತಿರಲಿಲ್ಲ.

ಸ್ಕೋಮರ್‌ನಲ್ಲಿ ಹೆಗ್ಗಣ ಇಲ್ಲ. ಬರಲೂಬಾರದು. ಅದಕ್ಕೇ ಮಾವ ಅಕ್ಕಿ ಬೇಳೆಯನ್ನೆಲ್ಲ ಬಿಗಿ ಮುಚ್ಚಳದ ಡಬ್ಬಿಯಲ್ಲೇ ಒಯ್ಯಬೇಕಾಯಿತು. ಮೊಟ್ಟೆ ಹೊತ್ತ ಒಂದು ಹೆಗ್ಗಣ ಚೀಲದಲ್ಲಿ ಬಂದರೂ ಸಾಕು ಅಂದರು ಮಾವ. (ಹೆಗ್ಗಣ ಮೊಟ್ಟೆ ಇಡಲ್ಲ ಮಾವ ಅಂದೆ. ಬಸುರಿ ಹೆಗ್ಗಣ ಅಂತ ತಿದ್ದಿಕೊಂಡರು.) ನೋಡಲು ಬಂದವರು ಕಾಲುದಾರಿ ಬಿಡದಂತೆ ಕಾಯುವುದೂ ಸ್ವಯಂಸೇವಕರ ಕೆಲಸ. ನೆಲದ ಕೆಳಗೆ ಪೂರ್ತಿ ಬಿಲ, ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟರೆ ಕುಸಿದು ಒಳಗಿನ ಹಕ್ಕಿ ಮಣ್ಣಲ್ಲಿ ಹೂತುಹೋಗಬಹುದು.

ಮರಿ ಬಲಿತ ಮೇಲೆ ತಂದೆ ತಾಯಿ ಮೊದಲೇ ಹೊರಟುಬಿಡುತ್ತವೆ. ಮರಿ ಕೆಲವು ದಿನ ಒಂಟಿಯಾಗಿದ್ದು, ಒಂದು ರಾತ್ರಿ ತಾನೇ ಹಾರಿ, ದಾರಿ ತೋರಿಸುವವರಿಲ್ಲದೆ ದಕ್ಷಿಣ ಅಮೆರಿಕದ ಕಡಲಿಗೆ ಹೋಗುತ್ತದೆ.

ಕೊನೆಗೆ ಮಾವ ಫೋನಿನಲ್ಲಿ ಆ ಕೂಗು ಹಾಕಿದರು. ಗಂಟಲು ಹಿಸುಕಿದ ಹಾಗೆ, ಕೇಳೋಕೆ ಭಯವಾಗುತ್ತದೆ. ನಮ್ಮ ಕೋಳಿಗಳೆಲ್ಲ ಹಿತ್ತಲಿಗೆ ಓಡಿದವು. ಅಜ್ಜಿ ಹೊರಗೆ ಬಂದು, "ಯಾರ ಮನೆ ಮಗುವೋ ಅದು, ಯಾಕೆ ಹಂಗೆ ಅಳ್ತಿದೆ?" ಅಂತ ಬೀದಿ ಕಡೆ ನೋಡುತ್ತಾ ನಿಂತಿತು.