ಬಯಲಿನ ಬುಲೆಟ್ಟು, ಸಂಪಾಜೆಯ ತಿರುಗಾಸು

ಕಾಸಾರಶಿರಸಿ ಎಂಬ ಊರಿನ ಹೆಸರು ನಮ್ಮಲ್ಲಿ ಅನೇಕರಿಗೆ ಹೊಸತಾಗಿರಬಹುದು. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ನಿಲಂಗಾ ತಾಲೂಕಿನಲ್ಲಿ, ಬೀದರ್ ಜಿಲ್ಲೆಯ ಗಡಿಗೆ ಸಮೀಪದಲ್ಲಿ ಅದಿದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದೇ ದಿನ ಹೈದರಾಬಾದ್ ರಾಜ್ಯ ಒಡೆದು ಅಲ್ಲಿಯ ಕನ್ನಡಿಗರು ಮುಂಬಯಿ ರಾಜ್ಯದ ಪಾಲಾದರು. ಆ ಲೆಕ್ಕದಲ್ಲಿ ಅವರೂ ನಾವೂ ಒಂದೇ ದಿನ ಮನೆ ಬದಲಿಸಿದವರು.

ಗಡಿನಾಡ ಕನ್ನಡಿಗರ ಸಭೆಯೊಂದರಲ್ಲಿ ಪರಿಚಯವಾದ ಆ ಊರ ಕಡೆಯ ಹಿರಿಯರೊಬ್ಬರು ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಗೆ ಬಂದರು. ಬಂದದ್ದು ರೈಲಿನಲ್ಲಲ್ಲ, ತಮ್ಮ ಹಳೆಯ ಬುಲೆಟ್ಟಿನಲ್ಲಿ. ಹಿಂದೆ ಪತ್ನಿ, ಅವರ ಹಿಂದೆ ಒಂದು ಟ್ರಂಕು. ಉಮರ್ಗಾ, ಆಳಂದ, ಕಲಬುರಗಿ, ಮೈಸೂರು ದಾರಿಯಾಗಿ ಮಡಿಕೇರಿಯವರೆಗೆ ಯಾವ ತೊಂದರೆಯೂ ಆಗಲಿಲ್ಲವಂತೆ. ಮಡಿಕೇರಿ ದಾಟಿ ಸಂಪಾಜೆಗೆ ಇಳಿಯುವಾಗ ಮಾತ್ರ ಜೀವ ಬಾಯಿಗೆ ಬಂತು.

"ಬ್ರೇಕ್ ಹಿಡದ್ರೂ ಗಾಡಿ ನಿಂದ್ರವಲ್ದು ನೋಡ್ರಿ. ಎದುರಿಗೆ ಬಸ್ಸು" ಎಂದರು. ಸುಟ್ಟ ರಬ್ಬರಿನಂಥ ವಾಸನೆ ಮೊದಲು ಬಂದದ್ದು ಪತ್ನಿಯ ಮೂಗಿಗೆ. ಅವರು ಎರಡು ಸಲ ಹೇಳಿದರೂ ಇವರು, ಅದು ಮುಂದಿನ ಲಾರಿಯದ್ದು ಎಂದು ತಳ್ಳಿಹಾಕಿದ್ದರು. ಪುಣ್ಯಕ್ಕೆ ಆ ತಿರುಗಾಸಿನಲ್ಲಿ ಎಡಗಡೆಗೆ ಗುಡ್ಡವಿತ್ತು, ಕಣಿವೆಯಲ್ಲ. ಗಾಡಿಯನ್ನು ಚರಂಡಿಯ ಮಣ್ಣಿಗೆ ಹಾಯಿಸಿ ನಿಲ್ಲಿಸಿದರು. ಮೊಣಕಾಲಿನ ಚರ್ಮ ಸುಲಿದುದನ್ನು ಬಿಟ್ಟರೆ ಇಬ್ಬರೂ ಕ್ಷೇಮ.

ನಲವತ್ತು ವರ್ಷ ಗಾಡಿ ಓಡಿಸಿದವರಿಗೆ ಹೀಗೇಕಾಯಿತು? ಅವರ ನಾಡು ಎರೆಮಣ್ಣಿನ ಬಯಲು. ಜೋಳ, ತೊಗರಿಯ ಹೊಲಗಳ ನಡುವೆ ರಸ್ತೆ ಹಗ್ಗ ಎಳೆದಂತೆ ಹೋಗುತ್ತದೆ. ಅಂಥಲ್ಲಿ ಭಾರದ ಗಾಡಿಯೇ ಸುಖ: ಗಾಳಿಗೆ ಅಲುಗದು, ಸಣ್ಣ ಹೊಂಡಕ್ಕೆ ಜಗ್ಗದು. ಅಲ್ಲಲ್ಲಿ ಸಿಗುವ ಸಣ್ಣ ಇಳಿಜಾರಿನಲ್ಲಿ ಪೆಟ್ರೋಲು ಉಳಿಯಲೆಂದು ನ್ಯೂಟ್ರಲಿಗೆ ಹಾಕಿ ಜಾರಿಬಿಡುವುದು ಅವರ ಅಭ್ಯಾಸ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ; ಅದರ ಜೊತೆಗೆ ನ್ಯೂಟ್ರಲನ್ನು ಹುಡುಕಿಕೊಡುವ ಇನ್ನೊಂದು ಚಿಕ್ಕ ಪೆಡಲೂ ಉಂಟು. ಅದೇ ಅಭ್ಯಾಸವನ್ನು ಅವರು ಘಾಟಿಗೂ ತಂದರು.

ಸ್ವಲ್ಪ ಲೆಕ್ಕ ಮಾಡೋಣ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರು ಎತ್ತರದಲ್ಲಿದೆ. ಸಂಪಾಜೆಗೆ ಬರುವಷ್ಟರಲ್ಲಿ ಹೆಚ್ಚು ಕಡಿಮೆ 1,000 ಮೀಟರು ಇಳಿದಿರುತ್ತೇವೆ. ಗಾಡಿ, ಇಬ್ಬರು ಜನ, ಟ್ರಂಕು ಎಲ್ಲ ಸೇರಿ 350 ಕಿಲೋ ಎಂದಿಟ್ಟುಕೊಳ್ಳಿ. ಅಷ್ಟು ಭಾರ ಅಷ್ಟು ಇಳಿಯುವಾಗ ಹುಟ್ಟುವ ಶಕ್ತಿಯೆಲ್ಲ ಶಾಖವಾದರೆ, ಹತ್ತು ಲೀಟರಿಗೂ ಹೆಚ್ಚು ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಅದರಲ್ಲಿ ಗಾಳಿ ಒಂದು ಪಾಲು ಹೀರುತ್ತದೆ, ಗೇರಿನಲ್ಲಿದ್ದರೆ ಇಂಜಿನ್ನು ದೊಡ್ಡ ಪಾಲು ಹೀರುತ್ತದೆ. ನ್ಯೂಟ್ರಲಿನಲ್ಲಿ ಇಂಜಿನ್ನಿನ ಪಾಲೂ ಬ್ರೇಕಿನ ತಲೆಗೇ. ಡ್ರಮ್ಮು ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಸಡಿಲುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲದು. ಈಗಿನ ಗಾಡಿಗಳ ಡಿಸ್ಕ್ ಬ್ರೇಕು ಬೇಗ ತಣಿಯುತ್ತದೆ ನಿಜ. ಎಬಿಎಸ್ ಇದ್ದರೆ ಚಕ್ರ ಕಚ್ಚಿಕೊಂಡು ಜಾರುವ ಭಯವೂ ಕಡಿಮೆ. ಆದರೆ ಶಾಖವನ್ನು ಎಬಿಎಸ್ ಮಾಯ ಮಾಡುವುದಿಲ್ಲ.

ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ನಮ್ಮ ಘಾಟಿ ಚಾಲಕರ ಹಳೆಯ ಮಾತು. ಬುಲೆಟ್ಟಿನಂಥ ಫೋರ್ ಸ್ಟ್ರೋಕ್ ಗಾಡಿಗಳಿಗೆ ಅದು ಅಕ್ಷರಶಃ ಸಲ್ಲುತ್ತದೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಇನ್ನೂ ಸಾಕಿಕೊಂಡವರು ಒಂದು ವಿಷಯ ನೆನಪಿಡಬೇಕು: ಟೂ ಸ್ಟ್ರೋಕ್ ಇಂಜಿನ್ನು ಇಳಿಜಾರಿನಲ್ಲಿ ಅಷ್ಟಾಗಿ ಹಿಡಿದು ನಿಲ್ಲಿಸದು. ಅದರಲ್ಲಿ ಮೊದಲಿನಿಂದಲೇ ನಿಧಾನವಾಗಿ ಬರಬೇಕು, ನಡುನಡುವೆ ನಿಂತು ಡ್ರಮ್ಮು ತಣಿಸಬೇಕು.

ಇನ್ನು ತಿರುಗಾಸಿನ ವಿಚಾರ. ಭಾರದ ಗಾಡಿಯನ್ನು ಹೆಚ್ಚು ವಾಲಿಸಬೇಕೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಎಷ್ಟು ವಾಲಬೇಕೆಂಬುದನ್ನು ನಿರ್ಧರಿಸುವುದು ವೇಗವೂ ತಿರುವಿನ ಅಳತೆಯೂ ಹೊರತು ತೂಕವಲ್ಲ. ತೂಕ ಕಾಡುವುದು ಬೇರೆ ಕಡೆ: ಒಮ್ಮೆ ಒಂದು ದಿಕ್ಕು ಹಿಡಿದ ಮೇಲೆ ಭಾರದ ಗಾಡಿ ಮನಸ್ಸು ಬದಲಿಸಲು ಹೊತ್ತು ಬೇಕು. ಆದುದರಿಂದ ವೇಗ ತಗ್ಗಿಸುವುದು, ಗೇರು ಇಳಿಸುವುದು ಎರಡೂ ತಿರುವಿಗೆ ಮುಂಚೆಯೇ, ಗಾಡಿ ನೆಟ್ಟಗಿರುವಾಗಲೇ ಮುಗಿದಿರಬೇಕು. ವೇಗ ಇಮ್ಮಡಿಯಾದರೆ ಹೊರಕ್ಕೆ ಎಳೆಯುವ ಬಲ ನಾಲ್ಕು ಪಟ್ಟು. ಸಾಕಷ್ಟು ವೇಗವಿರುವಾಗ ಬಲಕ್ಕೆ ತಿರುಗಲು ಬಲಗೈ ಹಿಡಿಯನ್ನು ಮೆಲ್ಲನೆ ಮುಂದಕ್ಕೆ ತಳ್ಳಬೇಕು. ಗಾಡಿ ತಾನಾಗಿ ಬಲಕ್ಕೆ ವಾಲುತ್ತದೆ. ಕೇಳಲು ವಿಚಿತ್ರ, ಬಯಲಲ್ಲಿ ಮಾಡಿ ನೋಡಿದರೆ ತಿಳಿಯುತ್ತದೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆ ಇರಬೇಕು. ಹೊಂಡವನ್ನೇ ದಿಟ್ಟಿಸಿದವನು ಹೊಂಡಕ್ಕೇ ಹೋಗುತ್ತಾನೆ.

ಎಡ ತಿರುವಿನಲ್ಲಿ ಅವಸರದಿಂದ ಒಳಗೆ ನುಗ್ಗಿದರೆ, ಹೊರಬರುವಾಗ ರಸ್ತೆಯ ಬಲಭಾಗಕ್ಕೆ, ಅಂದರೆ ಬಸ್ಸಿನ ಮುಂದಕ್ಕೆ ಬೀಳುತ್ತೇವೆ. ಉದ್ದದ ಬಸ್ಸಿಗೆ ಹೇರ್‌ಪಿನ್ ತಿರುವಿನಲ್ಲಿ ಇಡೀ ರಸ್ತೆಯೇ ಬೇಕು. ಇಕ್ಕಟ್ಟಿನಲ್ಲಿ ಹತ್ತುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬುದು 1989ರ ರಸ್ತೆ ನಿಯಮಗಳಲ್ಲೇ ಇದ್ದ ಮಾತು. ನಮ್ಮ ಹುಡುಗರಿಗೆ ಮಾತ್ರ ಅದು ಹೊಸ ಸುದ್ದಿ.

ಭಾನುವಾರ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ದಾರಿಯಾಗಿ ಮಡಿಕೇರಿಗೆ ಹೋಗುವ ತರುಣರು ಈಗ ನಮ್ಮಲ್ಲೂ ಬಹಳ. ಹೋಗುವಾಗ ಏರು, ಗಾಡಿ ತಾನಾಗಿ ನಿಧಾನವಾಗುತ್ತದೆ. ಆಪತ್ತಿರುವುದು ಸಂಜೆ, ದಣಿದು, ಮನೆ ಸೇರುವ ಅವಸರದಲ್ಲಿ ಇಳಿಯುವಾಗ. ಮಳೆಗಾಲವಾದರಂತೂ ಪಾಚಿ, ಕೊಳೆತ ಎಲೆ, ಲಾರಿಯಿಂದ ಸೋರಿದ ಎಣ್ಣೆ ಎಲ್ಲ ಒಟ್ಟಿಗೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡವೇ ಜರಿದು ಬಂದದ್ದು ಇದೇ ದಾರಿಯಲ್ಲಿ.

ನಮ್ಮ ಅತಿಥಿಗಳು ನಾಲ್ಕು ದಿನ ಇದ್ದರು. ಮುಳ್ಳೇರಿಯದ ಮೆಕ್ಯಾನಿಕ್ ಒಬ್ಬರು ಡ್ರಮ್ಮು ಬಿಚ್ಚಿ ತೋರಿಸಿದಾಗ ಲೈನರು ಗಾಜಿನಂತೆ ಹೊಳೆಯುತ್ತಿತ್ತು. ಹೊಸದನ್ನು ಹಾಕಿಸಿದರು. ಹೊರಡುವ ಬೆಳಿಗ್ಗೆ ಟ್ರಂಕು ಲಾರಿಯಲ್ಲಿ ಮುಂದೆ ಹೋಯಿತು. ಪತ್ನಿ ಹಿಂದಿನ ಸೀಟಿನಲ್ಲಿ ಕೂತು, "ವಾಸನಿ ಬಂತಂದ್ರ ಈ ಸಲ ನಾ ಹೇಳಾಕಿಲ್ರಿ, ಇಳದೇ ಬಿಡ್ತೀನಿ" ಎಂದರು. ಅವರು ಮರುಮಾತಾಡದೆ ಮೊದಲನೆಯ ಗೇರು ಹಾಕಿದರು.