ಪೇಟೆಂಟಿನ ಲೆಕ್ಕ ಮತ್ತು ನಮ್ಮ ಕೂರಿಗೆ

ಮುಂಗಾರಿನ ಮಳೆ ಬಿದ್ದು ಭೂಮಿ ಹದಗೊಂಡ ದಿನ ಶಹಾಪುರದಿಂದ ಸುರಪುರದ ಕಡೆಗೆ ಹೊರಟರೆ, ದಾರಿಯ ಎರಡೂ ಮಗ್ಗುಲಿನ ಎರೆಹೊಲಗಳಲ್ಲಿ ಕೂರಿಗೆ ಹೂಡಿದ ನೋಟ ಒಂದು ಕಾಲಕ್ಕೆ ಕಣ್ತುಂಬ ಕಾಣುತ್ತಿತ್ತು. ಎತ್ತುಗಳ ಹಿಂದೆ ಒಕ್ಕಲಿಗ, ಕೂರಿಗೆಯ ಹಿಂದೆ ಹೆಣ್ಣುಮಗಳು. ಆಕೆ ಉಡಿಯೊಳಗಿನ ಬೀಜವನ್ನು ಬಟ್ಟಲಿಗೆ ಬಿಡುತ್ತಾಳೆ. ಅದು ಬಿದಿರಿನ ಕೊಳವೆಗಳಲ್ಲಿ ಇಳಿದು, ಸಮಸಮನಾದ ಸಾಲುಗಳಲ್ಲಿ ನೆಲವನ್ನು ಸೇರುತ್ತದೆ. ಈ ಸಾಧನವನ್ನು ಕಂಡುಹಿಡಿದವರು ಯಾರು? ಯಾವ ದಫ್ತರದಲ್ಲಿಯೂ ಅವರ ಹೆಸರಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹಾಲ್ಕಾಟ್ ಎಂಬ ಆಂಗ್ಲ ಸೇನಾಧಿಕಾರಿ ದಕ್ಷಿಣ ಭಾರತದ ಹೊಲವೊಂದರಲ್ಲಿ ಇಂಥದೇ ಕೂರಿಗೆಯನ್ನು ಕಂಡು ಬೆರಗಾದನು. ಬೀಜ ಬಿತ್ತುವ ಯಂತ್ರವು ಯುರೋಪಿನ ಹೊಸ ಶೋಧವೆಂದೇ ಆತ ಅಲ್ಲಿಯವರೆಗೆ ನಂಬಿದ್ದನು. ಅವನ ವರದಿಯನ್ನು ಧರ್ಮಪಾಲರು 1971ರಲ್ಲಿ ಪ್ರಕಟವಾದ ತಮ್ಮ ಸಂಕಲನದಲ್ಲಿ ಮತ್ತೆ ಬೆಳಕಿಗೆ ತಂದರು.

ಈ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. ಯಾವ ದೇಶ ಎಷ್ಟು ಬುದ್ಧಿವಂತ, ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ಇಂದು ಪೇಟೆಂಟುಗಳ ಅಂಕಿಸಂಖ್ಯೆಯಿಂದ ಅಳೆಯುವ ರೂಢಿ ಬೆಳೆದಿದೆ. ಆ ಅಳತೆಗೋಲಿನ ಗುಣವನ್ನೂ ಮಿತಿಯನ್ನೂ ನಾವು ಅರಿತಿರಬೇಕು.

ಪೇಟೆಂಟ್ ಎಂಬುದು ಒಂದು ಒಪ್ಪಂದ. ಹೊಸತನ್ನು ಕಂಡುಹಿಡಿದವನು ತನ್ನ ಗುಟ್ಟನ್ನು ಜಗತ್ತಿಗೆ ಬಿಚ್ಚಿಡುತ್ತಾನೆ. ಅದಕ್ಕೆ ಪ್ರತಿಯಾಗಿ ಸರಕಾರವು ಇಪ್ಪತ್ತು ವರ್ಷಗಳ ಕಾಲ ಅನ್ಯರು ಅದನ್ನು ಬಳಸದಂತೆ ತಡೆಯುವ ಹಕ್ಕನ್ನು ಆತನಿಗೆ ಕೊಡುತ್ತದೆ. ನಮ್ಮ ದೇಶದಲ್ಲಿ ಇದರ ಮೊದಲ ಕಾನೂನು ಬಂದದ್ದು 1856ರಲ್ಲಿ. ಆ ವರ್ಷ ಕಲಕತ್ತೆಯಲ್ಲಿ ಸಲ್ಲಿಕೆಯಾದ ಮೊದಲ ಅರ್ಜಿ ಪಂಖ ಎಳೆಯುವ ಯಂತ್ರದ್ದು. ಅಧಿಕಾರಿಗಳ ಸೆಕೆ ದಫ್ತರವನ್ನು ಸೇರಿತು. ರೈತನ ಕೂರಿಗೆ ಹೊಲದಲ್ಲಿಯೇ ಉಳಿಯಿತು.

ಆದರೂ ಈ ದಫ್ತರ ವಿದ್ವಾಂಸರಿಗೆ ಒಂದು ನಿಧಿ. ಪ್ರತಿ ಅರ್ಜಿಯಲ್ಲಿ ಶೋಧಕನ ಹೆಸರು, ದೇಶ, ದಿನಾಂಕಗಳಿರುತ್ತವೆ. 1971ರ ಸ್ಟ್ರಾಸ್‌ಬರ್ಗ್ ಒಪ್ಪಂದದ ಪ್ರಕಾರ ಎಲ್ಲ ಶೋಧಗಳನ್ನೂ ಎಂಟು ವಿಭಾಗಗಳಲ್ಲಿ ವಿಂಗಡಿಸುತ್ತಾರೆ. ಹೀಗಾಗಿ ಯಾವ ನಾಡಿನಲ್ಲಿ ಯಾವ ವಿದ್ಯೆ ಎಂದು ಚಿಗುರಿತು, ಎಂದು ಬಾಡಿತು ಎಂಬುದನ್ನು ವರ್ಷವರ್ಷವೂ ಗುರುತಿಸಬಹುದು.

ಜಿನೀವಾದ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ 50 ಸಾವಿರ ಅರ್ಜಿಗಳು ಸಲ್ಲಿಕೆಯಾದವು. ಅವುಗಳಲ್ಲಿ ಚೀನೀಯರವು 16 ಲಕ್ಷಕ್ಕೂ ಹೆಚ್ಚು, ಅಮೆರಿಕನ್ನರವು 5 ಲಕ್ಷಕ್ಕೂ ಹೆಚ್ಚು, ಜಪಾನೀಯರವು 4 ಲಕ್ಷಕ್ಕೂ ಹೆಚ್ಚು. ಭಾರತೀಯರವು ಸುಮಾರು 64 ಸಾವಿರ. ಹಾಗಾದರೆ ಚೀನೀಯರು ಅಮೆರಿಕನ್ನರಿಗಿಂತ ಮೂರು ಪಟ್ಟು ಜಾಣರೆ? ಅವಸರ ಬೇಡ. ಚೀನೀಯರ ಅರ್ಜಿಗಳಲ್ಲಿ ಹೊರದೇಶಗಳಿಗೆ ಹೋದವು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಅಮೆರಿಕನ್ನರವು ಹೆಚ್ಚುಕಡಿಮೆ ಅರ್ಧದಷ್ಟು. ಪರದೇಶದಲ್ಲಿ ಹಣ ಸುರಿದು ಹಕ್ಕು ಪಡೆಯುವವನಿಗೆ ತನ್ನ ಶೋಧದ ಬೆಲೆಯಲ್ಲಿ ಭರವಸೆ ಇರಬೇಕಷ್ಟೆ. ಮತ್ತೊಂದು ತೊಡಕೂ ಇದೆ. ಒಂದೇ ಶೋಧವನ್ನು ಐದು ದೇಶಗಳಲ್ಲಿ ಸಲ್ಲಿಸಿದರೆ ಅದು ಐದು ಅರ್ಜಿಯಾಗಿ ತೋರುತ್ತದೆ. ಆದ್ದರಿಂದ ಬಲ್ಲವರು ಅವೆಲ್ಲವನ್ನು ಒಂದು ಕುಟುಂಬವೆಂದು ಎಣಿಸುತ್ತಾರೆ. ಮುಂದಿನ ಶೋಧಕರು ಅದನ್ನು ಎಷ್ಟು ಬಾರಿ ಉಲ್ಲೇಖಿಸಿದರೆಂಬುದನ್ನೂ ನೋಡುತ್ತಾರೆ.

ಕಾನೂನು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ನಮ್ಮ 1970ರ ಪೇಟೆಂಟ್ ಕಾಯಿದೆ 1972ರಲ್ಲಿ ಜಾರಿಗೆ ಬಂದಿತು. ಅದು ಔಷಧಕ್ಕೆ ಪೇಟೆಂಟ್ ಕೊಡದೆ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಅರ್ಜಿಗಳ ಸಂಖ್ಯೆ ಇಳಿಯಿತು. ಆದರೆ ಅದೇ ಕಾಲದಲ್ಲಿ ನಮ್ಮ ರಸಾಯನ ತಜ್ಞರು ಬೇರೆ ಬೇರೆ ಹಾದಿಗಳಲ್ಲಿ ಔಷಧ ತಯಾರಿಸಲು ಕಲಿತರು. ದೇಶಕ್ಕೆ ಅಗ್ಗದ ಮಾತ್ರೆಗಳು ದೊರೆತವು. ದಫ್ತರದ ಪುಟ ಬರಿದಾದಂತೆ ಕಂಡಾಗಲೇ ವಿದ್ಯೆ ಬೆಳೆಯುತ್ತಿತ್ತು. ಔಷಧಕ್ಕೇ ಪೇಟೆಂಟ್ ಕೊಡುವ ತಿದ್ದುಪಡಿ ಬಂದದ್ದು 2005ರಲ್ಲಿ.

ಇನ್ನು ನಮ್ಮ ಸಗರನಾಡಿನ ಮಾತು. ಅದೇ ಕಾಯಿದೆಯ ಮೂರನೆಯ ಕಲಮು ಬೇಸಾಯದ ವಿಧಾನವನ್ನು ಪೇಟೆಂಟಿನ ಎಲ್ಲೆಯಿಂದ ಹೊರಗಿರಿಸಿದೆ. ಇದು ರೈತನ ಹಿತಕ್ಕಾಗಿಯೇ ಇದೆ; ಬಿತ್ತುವ ವಿಧಾನಕ್ಕೆ ಯಾರೂ ಸುಂಕ ಕೇಳುವಂತಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಇದರ ಫಲವೇನು? ತೊಗರಿಯ ಸಸಿಯನ್ನು ಚೀಲದಲ್ಲಿ ಬೆಳೆಸಿ ಹೊಲಕ್ಕೆ ನಾಟಿ ಮಾಡುವ ಕ್ರಮವಾಗಲಿ, ಜೋಳದ ನಡುವೆ ಅಕ್ಕಡಿ ಸಾಲು ಹಿಡಿಯುವ ಜಾಣ್ಮೆಯಾಗಲಿ ಅಲ್ಲಿ ಸೊನ್ನೆಯೇ. ಒಕ್ಕಲುತನವನ್ನೇ ನಂಬಿದ ನಾಡು ಆ ಪುಸ್ತಕದಲ್ಲಿ ಬುದ್ಧಿಯಿಲ್ಲದ ನಾಡಾಗಿ ಕಂಡೀತು. ಆ ಸಂಖ್ಯೆಯನ್ನೇ ನೆಚ್ಚಿ ಸಂಶೋಧನೆಯ ಹಣವನ್ನು ಹಂಚಿದರೆ, ಇದ್ದವರಿಗೇ ಮತ್ತಷ್ಟು ದೊರೆಯುತ್ತದೆ.

ತಾಲ್ಲೂಕು ಕಚೇರಿಯ ಅಂಗಳದಲ್ಲಿರುವ ಮಳೆಮಾಪಕ ಸುಳ್ಳು ಹೇಳುವುದಿಲ್ಲ. ತನ್ನ ಬಾಯಿಗೆ ಬಿದ್ದ ಮಳೆಯನ್ನು ಅದು ಸರಿಯಾಗಿಯೇ ಅಳೆಯುತ್ತದೆ. ನಮ್ಮ ಹೊಲದ ಮಳೆ ಅದಕ್ಕೆ ತಿಳಿಯದು. ಪೇಟೆಂಟಿನ ಅಂಕಿಸಂಖ್ಯೆಯೂ ಅಂತೆಯೇ.

ಹಾಗೆಂದು ದಫ್ತರವನ್ನು ಅಲಕ್ಷಿಸುವುದು ಜಾಣತನವಲ್ಲ. ಗಾಯಕ್ಕೆ ಅರಿಸಿನ ಹಚ್ಚುವ ನಮ್ಮ ಮನೆಮದ್ದಿಗೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿದ್ದರಿಂದ 1997ರಲ್ಲಿ ಅದು ರದ್ದಾಯಿತು. ಬರೆದಿಟ್ಟದ್ದು ನಮ್ಮನ್ನು ಕಾಯಿತು. ಆದುದರಿಂದ ನಮ್ಮ ಬಡಿಗರು, ಕಮ್ಮಾರರು, ಒಕ್ಕಲಿಗರು ಬಲ್ಲದ್ದನ್ನು ಚಿತ್ರಸಹಿತ ಬರೆದಿಡುವ ಕೆಲಸ ಶಾಲೆ ಕಾಲೇಜುಗಳಲ್ಲಿ ನಡೆಯಬೇಕು. ನಿಜವಾಗಿಯೂ ಹೊಸ ಉಪಕರಣವನ್ನು ಕಟ್ಟಿದವನು ಅದನ್ನು ಜಾತ್ರೆಯಲ್ಲಿ ನಾಲ್ಕು ಜನಕ್ಕೆ ತೋರಿಸುವ ಮುನ್ನವೇ ಅರ್ಜಿ ಸಲ್ಲಿಸಬೇಕು. ಮೊದಲೇ ಬಹಿರಂಗವಾದದ್ದು ಕಾನೂನಿನ ಕಣ್ಣಿಗೆ ಹೊಸತಲ್ಲ. ಕರ್ನಾಟಕದವರ ಅರ್ಜಿಗಳು ಸಲ್ಲುವುದು ಚೆನ್ನೈಯ ಪೇಟೆಂಟ್ ಕಚೇರಿಗೆ.

ಕೂರಿಗೆಯನ್ನು ಕಟ್ಟಿದ ಆ ಮೊದಲ ಕೈಯ ಹೆಸರು ಇನ್ನು ನಮಗೆ ದೊರೆಯಲಾರದು. ನಾಳೆ ಇಂಥದೇ ಮತ್ತೊಂದನ್ನು ಕಟ್ಟುವ ಕೈಗೂ ಆ ಗತಿ ಬಾರದಿರಲಿ.