ಕಣ್ಣಿಗೆ ಕಾಣದ ಕಾಡಿಗೆ

ಸುಲೇಪೇಟದ ಕಡೆಯ ಹುಡುಗನೋ ಹುಡುಗಿಯೋ ಒಂದು ಕಥೆ ಬರೆದರೆ ಅದನ್ನು ಬಚ್ಚಿಡುವ ಜಾಗ ಯಾವುದು ಗೊತ್ತೆ? ಗಣಿತದ ನೋಟುಬುಕ್ಕಿನ ಕೊನೆಯ ಹಾಳೆಗಳು. ಆ ಪುಸ್ತಕವನ್ನು ಮನೆಯಲ್ಲಿ ಯಾರೂ ಹಿಂದಿನಿಂದ ತೆರೆಯುವುದಿಲ್ಲ ಎಂಬ ಧೈರ್ಯ. ಅಕಸ್ಮಾತ್ ಅಪ್ಪನ ಕೈಗೆ ಸಿಕ್ಕಿತೋ, "ಇದ್ರಿಂದ ಹೊಟ್ಟಿ ತುಂಬ್ತದೇನು? ಮೊದಲ ಲೆಕ್ಕ ಮಾಡು" ಎಂಬ ಮಾತು ಕಟ್ಟಿಟ್ಟದ್ದು.

ಅಪ್ಪನನ್ನು ದೂರುವಂತೆಯೂ ಇಲ್ಲ. ತೊಗರಿಯ ದರ ಏರಿಳಿಯುವುದನ್ನೇ ನೋಡುತ್ತ ಕೂತ ಮನೆಯದು. ಶಹಾಬಾದಿನ ಪರ್ಸಿ ಕಲ್ಲಿನ ಗಣಿಯಲ್ಲಿ ಸೊಂಟ ಮುರಿದುಕೊಂಡವರ ಮನೆಯೂ ಇರಬಹುದು, ವಾಡಿಯ ಸಿಮೆಂಟ್ ಕಾರ್ಖಾನೆಯ ಪಾಳಿ ಕೆಲಸದವರ ಮನೆಯೂ ಇರಬಹುದು. ಮಗ ಪಾಸಾಗಲಿ, ಒಂದು ನೌಕರಿ ಹಿಡಿಯಲಿ ಎನ್ನುವ ಆಸೆ ಸಣ್ಣದಲ್ಲ. ಕಥೆಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದೂ ನಿಜವೇ. ಕನ್ನಡದಲ್ಲಿ ಬರೀ ಕಥೆ ಬರೆದು ಸಂಸಾರ ನಡೆಸಿದವರು ಬೆರಳೆಣಿಕೆಯಷ್ಟು ಮಂದಿ.

ನನ್ನ ಚಿಂತೆ ಬೇರೆ. ಬಚ್ಚಿಟ್ಟ ಕಥೆ ಬೆಳೆಯುವುದಿಲ್ಲ. ಅದನ್ನು ಬರೆದವನಿಗೆ ತನ್ನ ತಪ್ಪು ಕಾಣುವುದಿಲ್ಲ, ತನ್ನ ಗುಣವೂ ಕಾಣುವುದಿಲ್ಲ. ಎರಡು ವರ್ಷ ಹೀಗೆ ಒಬ್ಬನೇ ಬರೆದು, ಬೇಸತ್ತು, ಹಾಳೆ ಹರಿದು ಒಲೆಗೆ ಹಾಕಿದವರನ್ನು ನಾನು ಬಲ್ಲೆ.

ಮಳಖೇಡದ ಮಾತು

ಸೇಡಂನಿಂದ ಕಲಬುರಗಿಗೆ ಬಸ್ಸು ಹತ್ತಿದರೆ ದಾರಿಯಲ್ಲಿ ಮಳಖೇಡ ಸಿಗುತ್ತದೆ. ಕಾಗಿಣಾ ಹೊಳೆಯ ದಂಡೆ, ಮುರಿದ ಕೋಟೆ, ಟೀಕಾಚಾರ್ಯ ಜಯತೀರ್ಥರ ವೃಂದಾವನ, ದೂರಕ್ಕೆ ಸಿಮೆಂಟಿನ ಚಿಮಣಿ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು ಕ್ರಿ.ಶ. 850ರ ಹೊತ್ತಿಗೆ ಶ್ರೀವಿಜಯ 'ಕವಿರಾಜಮಾರ್ಗ'ವನ್ನು ರಚಿಸಿದ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಅದು.

ಪರೀಕ್ಷೆಗೆ ಇಷ್ಟು ಬಾಯಿಪಾಠ ಮಾಡಿದರೆ ಸಾಕು, ಎರಡು ಅಂಕ ಬರುತ್ತದೆ. ಆದರೆ ಆ ಗ್ರಂಥ ಯಾವುದರ ಬಗ್ಗೆ ಎಂದು ಎಷ್ಟು ಮಕ್ಕಳು ಕೇಳಿದ್ದಾರೆ? ಅದು ಕಥೆಯೂ ಅಲ್ಲ, ಪುರಾಣವೂ ಅಲ್ಲ. ಬರೆಯುವುದು ಹೇಗೆ, ಬರೆಯುವಾಗ ಏನು ತಪ್ಪಾಗುತ್ತದೆ ಎಂದು ಬರೆಯುವವರ ಜೊತೆ ಕೂತು ಆಡಿದ ಮಾತು. ಇಂಥ ಪದಗಳ ಜೊತೆ ಅಂಥ ಪದ ಹೊಂದುವುದಿಲ್ಲ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದ ಹಾಗಾಗುತ್ತದೆ ಎಂದು ಎಚ್ಚರಿಸುತ್ತದೆ. ತನಗಿಂತ ಹಿಂದಿನ ಗದ್ಯ ಲೇಖಕರೆಂದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಅವರ ಬರಹ ನಮಗೆ ಸಿಕ್ಕಿಲ್ಲ. ಓದಿದವನೊಬ್ಬ ಬರೆದಿಟ್ಟದ್ದರಿಂದ ಹೆಸರಾದರೂ ಉಳಿದಿದೆ.

ಅದರಲ್ಲಿರುವ ಒಂದು ಮಾತನ್ನು ನಾನು ಮರೆತಿಲ್ಲ. ಬರೆಯುವವನು ಏನು ಮಾಡಿದರೂ ತನ್ನ ದೋಷವನ್ನು ತಾನು ಕಾಣಲಾರ, ಕಣ್ಣು ತನ್ನ ಕಾಡಿಗೆಯನ್ನು ಕಾಣದ ಹಾಗೆ ಎನ್ನುವ ಅರ್ಥದ ಮಾತು. ಅವ್ವ ಮಗುವಿಗೆ ಕಾಡಿಗೆ ಹಚ್ಚುವ ಯಾವ ಮನೆಯಲ್ಲೂ ಇದಕ್ಕೆ ಟೀಕೆ ಬೇಡ. ಹರಡಿದ ಕಾಡಿಗೆಯನ್ನು ಸೆರಗಿನಿಂದ ಒರೆಸಲು ಎದುರಿಗೆ ಇನ್ನೊಬ್ಬರು ಬೇಕು. ಕಥೆ ಬರೆಯುವವರು ನಾಲ್ಕು ಜನ ಕೂಡಿ ಕೂರಬೇಕು ಎನ್ನಲು ಇದಕ್ಕಿಂತ ಹಳೆಯ ಸಾಕ್ಷಿ ನಮ್ಮ ಭಾಷೆಯಲ್ಲಿ ಸಿಗಲಾರದು. ಅದೂ ನಮ್ಮ ಸೇಡಂ ತಾಲ್ಲೂಕಿನ ನೆಲದಿಂದಲೇ ಬಂದದ್ದು.

ಇನ್ನೊಂದು ತಮಾಷೆ. ನಮ್ಮಲ್ಲೇ ಕೂತು ಬರೆದ ಈ ಪುಸ್ತಕ ಕನ್ನಡದ ತಿರುಳನ್ನು ನಮ್ಮಲ್ಲಿ ತೋರಿಸುವುದಿಲ್ಲ! ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕೂರುಗಳ ನಡುವಿನ ಕನ್ನಡವೇ ತಿರುಳುಗನ್ನಡ ಎನ್ನುತ್ತದೆ. 'ನಿಮ್ಮ ಮಾತು ಶುದ್ಧವಲ್ಲ' ಎಂದು ಬೈಸಿಕೊಳ್ಳುವ ಭಾಗ್ಯ ನಮಗೆ ಅಂದಿನಿಂದಲೇ ಬಂತೇನೋ. ಆದರೆ ಅದೇ ಗ್ರಂಥ, ಕನ್ನಡದ ದೇಸಿಗಳು ಬೇರೆ ಬೇರೆ, ಅವುಗಳ ದೋಷವನ್ನೆಲ್ಲ ಎಣಿಸಲು ಹೊರಟರೆ ವಾಸುಕಿಗೂ ಬೇಸರವಾದೀತು ಎಂದೂ ಒಪ್ಪಿಕೊಳ್ಳುತ್ತದೆ. ಅಷ್ಟು ಸಮಾಧಾನ.

ರೊಟ್ಟಿ ಬಡಿದ ಸಪ್ಪಳ

ಏಳನೆಯ ಇಯತ್ತೆಯಲ್ಲಿ ನಾನು ಜಾತ್ರೆಯ ಮೇಲೆ ಒಂದು ಪ್ರಬಂಧ ಬರೆದಿದ್ದೆ. 'ಅವ್ವ ನಸುಕಿನ್ಯಾಗ ಎದ್ದು ರೊಟ್ಟಿ ಬಡಿದಳು' ಎಂದು ಅದರ ಮೊದಲ ಸಾಲು. ಮಾಸ್ತರರು ಕೆಂಪು ಶಾಯಿಯಲ್ಲಿ 'ಬಡಿದಳು' ಹೊಡೆದು 'ತಟ್ಟಿದಳು' ಎಂದು ತಿದ್ದಿದರು. ನಸುಕು ಹೋಗಿ ಮುಂಜಾನೆಯಾಯಿತು. ಅವರ ತಪ್ಪೇನಿಲ್ಲ, ಪುಸ್ತಕದ ಕನ್ನಡ ಕಲಿಸುವುದು ಅವರ ಕೆಲಸ. ಆದರೆ ಮನೆಗೆ ಬಂದು ಓದಿಕೊಂಡಾಗ ಏನೋ ಕಳೆದಂತಾಯಿತು. ಜೋಳದ ಹಿಟ್ಟಿನ ಮೇಲೆ ಅಂಗೈ ಬೀಳುವ ಸಪ್ಪಳ ಕೇಳಿ ನಾವು ಏಳುವವರು. ತಿದ್ದಿದ ಸಾಲಿನಲ್ಲಿ ಸಪ್ಪಳವೇ ಇರಲಿಲ್ಲ.

ಆಮೇಲೆ ಬಹಳ ವರ್ಷ ನಾನು ಬರೆದ ಕಥೆಗಳಲ್ಲಿ ಪಾರ್ಕು, ಕಾಫಿ, ಬೆಂಗಳೂರಿನ ಮಳೆ ಎಲ್ಲ ಇದ್ದವು. ಒಂದನ್ನೂ ನಾನು ಕಂಡಿರಲಿಲ್ಲ. ಒಬ್ಬ ಗೆಳೆಯನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅವನೆಂದ: "ಈ ಪಾರ್ಕು ಎಲ್ಲದಲೇ? ಚಿಂಚೋಳ್ಯಾಗಂತೂ ಇಲ್ಲ!" ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಆದರೆ ಅಷ್ಟು ಉಪಯೋಗದ ವಿಮರ್ಶೆ ಆಮೇಲೆ ನನಗೆ ಯಾವ ಪಂಡಿತರಿಂದಲೂ ಸಿಕ್ಕಿಲ್ಲ.

ನಮ್ಮ ಭಾಗದ ಮಾತು ಹಲವು ನೀರು ಕೂಡಿದ ಹೊಳೆ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆ. ಕಚೇರಿಯ ಭಾಷೆ ಉರ್ದು. ಖರೇ, ಜಲ್ದಿ, ದವಾಖಾನಿ, ತಕರಾರು ಎಲ್ಲ ನಮ್ಮ ಮನೆಮಾತೇ ಆಗಿವೆ. ಸೇಡಂ ದಾಟಿದರೆ ತೆಲುಗು, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ. ಕಥೆಯಲ್ಲಿ ಅಜ್ಜಿ "ನನ್ನನ್ನು ಆಸ್ಪತ್ರೆಗೆ ಕರೆದೊಯ್ಯಿರಿ" ಎಂದರೆ ಅವಳು ಯಾರ ಅಜ್ಜಿ? ನಮ್ಮ ಅಜ್ಜಿ ದವಾಖಾನಿಗೆ ಹೋಗುವವಳು.

ಈ ಮಾತನ್ನು ಧೈರ್ಯವಾಗಿ ಕಾಗದಕ್ಕೆ ತಂದವರು ನಮ್ಮವರೇ ಇದ್ದಾರೆ. ಚಿತ್ತಾಪುರ ಸೀಮೆಯ ಶಂಕರವಾಡಿಯಲ್ಲಿ ಹುಟ್ಟಿದ ಚೆನ್ನಣ್ಣ ವಾಲೀಕಾರ ತಮ್ಮ ಜನರ ನುಡಿಯಲ್ಲೇ ಕಥೆ, ಕಾದಂಬರಿ, ನಾಟಕ ಬರೆದರು, 2019ರಲ್ಲಿ ತೀರಿಕೊಂಡರು. ಕಲಬುರಗಿ ಹತ್ತಿರದ ಸಾವಳಗಿಯ ಗೀತಾ ನಾಗಭೂಷಣ ಬಡ ಕುಟುಂಬದಿಂದ ಬಂದವರು. ಇಲ್ಲಿನ ಮಾತಿನಲ್ಲೇ ಇಲ್ಲಿನ ಹೆಣ್ಣುಮಕ್ಕಳ ಪಾಡನ್ನು ಹೇಳಿದ ಅವರ 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕೆಂಪು ಶಾಯಿಗೆ ಹೆದರಿದ್ದರೆ ಆ ಪುಸ್ತಕಗಳು ಹುಟ್ಟುತ್ತಲೇ ಇರಲಿಲ್ಲ. ದಕ್ಷಿಣದ ತುದಿಯಲ್ಲಿ ದೇವನೂರ ಮಹಾದೇವ 'ಒಡಲಾಳ'ದಲ್ಲಿ ಮಾಡಿದ್ದೂ ಇದನ್ನೇ. ಊರು ಬೇರೆ, ಮಾತು ಬೇರೆ.

ಅಟ್ಟದ ಮೇಲಿನವರು

ಬರೆಯುವವರು ಕೂಡಿ ಕೂರುವುದು ಪಟ್ಟಣದವರ ಸೋಗಲ್ಲ. ಹಲಸಂಗಿಯನ್ನೇ ನೋಡಿ. ವಿಜಾಪುರ ಜಿಲ್ಲೆಯ ಗಡಿಯ ಹಳ್ಳಿ ಅದು. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಕೂಡಿ ಓದಿದರು, ಒಬ್ಬರಿಗೊಬ್ಬರು ಬರೆದದ್ದನ್ನು ತೋರಿಸಿದರು, ಬೀಸುವ ಹೆಂಗಸರ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ಬಂದ 'ಗರತಿಯ ಹಾಡು' ಆ ಗೆಳೆತನದ ಫಲ. ಹಳ್ಳಿಯಲ್ಲಿ ನಾಲ್ಕು ಜನ ಸೇರಿದರೆ ಇಷ್ಟಾಗುತ್ತದೆ. ಧಾರವಾಡದಲ್ಲಿ ಅದಕ್ಕೂ ಮೊದಲೇ ಬೇಂದ್ರೆಯವರ 'ಗೆಳೆಯರ ಗುಂಪು' ಹುಟ್ಟಿತ್ತು.

ಅದೇ ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯ 'ಅಟ್ಟ' ಕನ್ನಡ ಲೇಖಕರಿಗೆಲ್ಲ ಗೊತ್ತು. ಜಿ.ಬಿ. ಜೋಶಿಯವರ ಆ ಅಟ್ಟದ ಮೇಲೆ ಹರಟೆ ನಡೆಯುತ್ತಿತ್ತು, ಜಗಳವೂ ನಡೆಯುತ್ತಿತ್ತು. ಗ್ರಂಥಮಾಲೆಗೆ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿ, ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕವೇ ಇಲ್ಲ ಎಂದು ಬರೆದರು. ಅದನ್ನು ಓದಿದ ಗಿರೀಶ ಕಾರ್ನಾಡರು ಇತಿಹಾಸದ ಪುಸ್ತಕ ಹಿಡಿದು ಕೂತರು. 1964ರಲ್ಲಿ 'ತುಘಲಕ್' ಬಂತು. ಒಬ್ಬ ಓದುಗನ ಅಸಮಾಧಾನ ಇನ್ನೊಬ್ಬನಿಂದ ಒಂದು ನಾಟಕವನ್ನೇ ಬರೆಸಿತು.

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ದ ಹಿಂದೆಯೂ ಇಂಥದೇ ಒಂದು ಮಾತುಕತೆಯಿದೆ. ಅವರು ಇಂಗ್ಲೆಂಡಿನ ಬರ್ಮಿಂಗ್ಹ್ಯಾಮಿನಲ್ಲಿ ಓದುತ್ತಿದ್ದಾಗ, ಸ್ವತಃ ಕಾದಂಬರಿಕಾರರಾಗಿದ್ದ ತಮ್ಮ ಮಾರ್ಗದರ್ಶಕ ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್ನನ ಒಂದು ಸಿನಿಮಾ ನೋಡಿ ಬಂದರು. ಆಮೇಲೆ ನಡೆದ ಚರ್ಚೆಯೇ ಆ ಕಾದಂಬರಿಗೆ ಬೀಜವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಆಕ್ಸ್‌ಫರ್ಡಿನಲ್ಲಿ ಟೋಲ್ಕಿನ್, ಸಿ.ಎಸ್. ಲೂಯಿಸ್ ಮತ್ತವರ ಗೆಳೆಯರು ವಾರಕ್ಕೊಮ್ಮೆ ಸೇರಿ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು. ಈಗಿನ ಮಕ್ಕಳು ಸಿನಿಮಾದಲ್ಲಿ ನೋಡಿರುವ 'ಲಾರ್ಡ್ ಆಫ್ ದಿ ರಿಂಗ್ಸ್' ಅಚ್ಚಾಗುವ ಮೊದಲು ಆ ಕೋಣೆಯಲ್ಲಿ ಅಧ್ಯಾಯ ಅಧ್ಯಾಯವಾಗಿ ಕೇಳಿಬಂದಿತ್ತು.

ಕೂರುವುದು ಹೇಗೆ?

ನಾಲ್ಕು ಜನ ಸಾಕು. ಹತ್ತು ಜನರಾದರೆ ಅದು ಸಭೆಯಾಗುತ್ತದೆ. ಒಬ್ಬ ಅಧ್ಯಕ್ಷ ಬೇಕಾಗುತ್ತಾನೆ, ಹಾರ ಬೇಕಾಗುತ್ತದೆ. ಗುಡಿಯ ಕಟ್ಟೆ ಸಾಕು, ಶಾಲೆಯ ವರಾಂಡವೂ ಆದೀತು. ಈಗ ಮೊಬೈಲಿನಲ್ಲೇ ಬರೆದು ಗೆಳೆಯರಿಗೆ ಕಳಿಸುವವರಿದ್ದಾರೆ. ಬೇಡವೆನ್ನುವುದಿಲ್ಲ. ಆದರೆ ಎದುರಿಗೆ ಕೂತು ಓದಿದಾಗ ಮಾತ್ರ ತಿಳಿಯುವ ಸಂಗತಿಗಳಿವೆ. ನಿಮ್ಮ ಕಥೆಯ ಎರಡನೆಯ ಪುಟಕ್ಕೆ ಕೇಳುವವನ ಕಣ್ಣು ರಸ್ತೆಯ ಕಡೆ ಹೊರಳಿತೆಂದರೆ ಎರಡನೆಯ ಪುಟದಲ್ಲಿ ಏನೋ ಜೊಳ್ಳಿದೆ. ಬಾಯಿಂದ ಹೇಳುವಾಗ ನಾಲಿಗೆ ತೊಡರುವ ವಾಕ್ಯ ಬಹುತೇಕ ಕೆಟ್ಟ ವಾಕ್ಯವೇ.

"ಛಲೋ ಅದ" ಎಂಬ ಒಂದು ಮಾತನ್ನು ಮಾತ್ರ ಆ ಕಟ್ಟೆಯ ಮೇಲೆ ನಿಷೇಧಿಸಬೇಕು. ಅದರಿಂದ ಬರೆದವನಿಗೆ ಏನೂ ಸಿಗುವುದಿಲ್ಲ. ಎಲ್ಲಿ ಬೇಸರವಾಯಿತು, ಯಾವ ಮನುಷ್ಯ ಕಣ್ಣಿಗೆ ಕಟ್ಟಿದ, ಯಾವ ಮಾತು ಆ ಮನುಷ್ಯ ಆಡುವಂಥದಲ್ಲ ಎಂದು ಹೇಳಿದರೆ ಸಾಕು. ಹೊಸಬರ ಕಥೆಗಳು ಸಾಮಾನ್ಯವಾಗಿ ಸೂರ್ಯೋದಯದಿಂದ ಶುರುವಾಗುತ್ತವೆ. ಪೂರ್ವ ದಿಕ್ಕು ಕೆಂಪಾಗುತ್ತದೆ, ಹಕ್ಕಿಗಳು ಚಿಲಿಪಿಲಿ ಎನ್ನುತ್ತವೆ, ಅರ್ಧ ಪುಟ ಮುಗಿದ ಮೇಲೆ ಒಬ್ಬ ಮನುಷ್ಯ ಬರುತ್ತಾನೆ. ಆ ಅರ್ಧ ಪುಟ ತೆಗೆದು ಓದಿ ನೋಡಿ. ಹತ್ತರಲ್ಲಿ ಒಂಬತ್ತು ಕಥೆಗಳಿಗೆ ನಷ್ಟವಿಲ್ಲ.

ಬರೆದವನಿಗೂ ಒಂದು ಕಟ್ಟಳೆ. ಕೇಳುವವರು ಮಾತಾಡುವಾಗ ಅವನು ಬಾಯಿ ಬಿಡಬಾರದು. "ಹಂಗಲ್ಲ, ನಾ ಹೇಳಿದ್ದು ಏನಂದ್ರ..." ಎಂದು ವಿವರಿಸಲು ಹೊರಟರೆ, ಆ ವಿವರಣೆ ಕಥೆಯಲ್ಲೇ ಯಾಕಿಲ್ಲ ಎಂದು ಕೇಳಬೇಕಾಗುತ್ತದೆ. ಇನ್ನು ಹೇಳಿದ್ದನ್ನೆಲ್ಲ ಪಾಲಿಸಬೇಕೆಂದೂ ಇಲ್ಲ. ಮೂವರೂ ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಕಲ್ಲಿದೆ; ಒಬ್ಬನೇ ಎಡವಿದರೆ ಅವನ ಕಾಲು ನೋಡಬೇಕು.

ಬರೆಯುವ ವಾರ ಏನೂ ಇಲ್ಲದಿದ್ದರೆ ಓದಿದ್ದನ್ನು ಹಂಚಿಕೊಳ್ಳಬಹುದು. ರುಚಿಯ ವಿಷಯದಲ್ಲಿ ಮೇಲು ಕೀಳು ಎಣಿಸದಿದ್ದರೆ ಒಳ್ಳೆಯದು. ಒಬ್ಬನಿಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಸೇರುತ್ತದೆ, ಒಬ್ಬಳಿಗೆ ತ್ರಿವೇಣಿ, ಇನ್ನೊಬ್ಬನಿಗೆ ತೆಲುಗಿನಿಂದ ಬಂದ ಯಂಡಮೂರಿಯ 'ತುಳಸಿದಳ', ಮತ್ತೊಬ್ಬಳಿಗೆ ತೇಜಸ್ವಿಯವರ 'ಕರ್ವಾಲೊ'. ಪತ್ತೇದಾರಿ ಓದುವವನನ್ನು ಕಂಡು ಮೂಗು ಮುರಿಯುವ ಜಾಣರಿದ್ದಾರೆ. ಯಾವ ಸಂಗತಿಯನ್ನು ಎಷ್ಟು ಪುಟದವರೆಗೆ ಮುಚ್ಚಿಡಬೇಕು ಎಂಬ ಪಾಠವನ್ನು ಆ ಜಾಣರು ಎಲ್ಲಿ ಕಲಿತರೋ, ನಾನಂತೂ ಪತ್ತೇದಾರಿಯಲ್ಲೇ ಕಲಿತೆ. 'ಯಾಕೆ ಹಿಡಿಸಿತು' ಎಂದು ಹೇಳಲು ಹೊರಟಾಗಲೇ ನಾವು ಓದಿದ್ದನ್ನು ಎರಡನೆಯ ಸಲ ಓದುವುದು.

ತಂದೆ ತಾಯಿಗೆ

ಪಾಲಕರೇ, ಗಣಿತದ ನೋಟುಬುಕ್ಕಿನ ಹಿಂದೆ ಕಥೆ ಸಿಕ್ಕರೆ ಗಾಬರಿಯಾಗಬೇಡಿ. ಪರೀಕ್ಷೆಯ ತಿಂಗಳಲ್ಲಿ ಸಿಕ್ಕರೆ ಒಂದು ಮಾತು ಗದರಿಸಿ, ಅದು ನಿಮ್ಮ ಹಕ್ಕು. ಆದರೆ ಹಾಳೆ ಹರಿಯಬೇಡಿ. ನೂರು ಪುಟದ ಬೇರೆ ನೋಟುಬುಕ್ಕು ಒಂದು ಕೊಡಿಸಿದರೆ ಗಣಿತಕ್ಕೂ ಕ್ಷೇಮ, ಕಥೆಗೂ ಕ್ಷೇಮ. ಸಾಧ್ಯವಾದರೆ ಒಂದು ರಾತ್ರಿ ಊಟದ ಮೇಲೆ ಗಟ್ಟಿಯಾಗಿ ಓದಿಸಿ ಕೇಳಿ. ಅಕ್ಷರ ಬಾರದ ಅಜ್ಜಿಯನ್ನೂ ಕೂರಿಸಿಕೊಳ್ಳಿ. ಅವಳು ಕಥೆ ಹೇಳುತ್ತಲೇ ಮುದುಕಿಯಾದವಳು. ಎಲ್ಲಿ ದಾರಿ ತಪ್ಪಿತೆಂದು ಅವಳಿಗೆ ಥಟ್ಟನೆ ಗೊತ್ತಾಗುತ್ತದೆ.

ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಸಾರಾಂಗವು ಜಯತೀರ್ಥ ರಾಜಪುರೋಹಿತರ ಹೆಸರಿನಲ್ಲಿ ಕಥಾ ಸ್ಪರ್ಧೆ ನಡೆಸುತ್ತ ಬಂದಿದೆ. ದೀಪಾವಳಿ ಬಂತೆಂದರೆ ಪತ್ರಿಕೆಗಳ ಸ್ಪರ್ಧೆಗಳಿವೆ. ಬಹುಮಾನ ಬರಬಹುದು, ಬಾರದೆಯೂ ಇರಬಹುದು. ಕಳಿಸುವ ಮುಂಚೆ ಮಾತ್ರ ಕಥೆಯನ್ನು ಆ ಕಟ್ಟೆಯ ಮೇಲೊಮ್ಮೆ ಓದಿ. ಅದರಲ್ಲೂ, ಹೋದ ಸಲ ನಿಮ್ಮ ಕಥೆ ಕೇಳಿ ನಕ್ಕವನು ಆ ಸಂಜೆ ಊರಲ್ಲಿದ್ದಾನೆಯೇ ಎಂದು ವಿಚಾರಿಸಿಕೊಂಡೇ ಹೋಗಿ.